ದುಬಾರಿ ಕ್ಯಾಮೆರಾ, ಬೀದರಿನ ಧೂಳು: ಯಾವ ರಿಪೇರಿಗೆ ದುಡ್ಡು ಹಾಕಬೇಕು?

ಮದುವೆ ಕೆಲಸಕ್ಕೆ ಫುಲ್‌ಫ್ರೇಮ್ ಡಿಎಸ್‌ಎಲ್‌ಆರ್ ವರ್ಷಗಟ್ಟಲೆ ದುಡಿಸಿದರೆ ಒಂದಲ್ಲ ಒಂದು ದಿನ ಶಟರ್ (ಕ್ಲಿಕ್ಕಿಸಿದಾಗ ಬೆಳಕಿಗೆ ತೆರೆದು ಮುಚ್ಚುವ ಪರದೆ) ಬದಲಿಸುವ ಬಿಲ್ ಬಂದೇ ಬರುತ್ತದೆ. ಅದಕ್ಕೆ ಹೆದರಬೇಡಿ. ಕ್ಯಾನನ್ 5ಡಿ ಮಾರ್ಕ್ 4ರ ಶಟರ್‌ಗೆ ಕಂಪನಿ ಹೇಳುವ ಆಯುಸ್ಸು 1,50,000 ಕ್ಲಿಕ್, ನಿಕಾನ್ ಡಿ850ಕ್ಕೆ 2,00,000. ಮದುವೆಗೆ 2,000 ಕ್ಲಿಕ್ ಎಂದರೆ ಮೊದಲನೆಯದು 75 ಮದುವೆ ದುಡಿಯಿತು. ಬೈಕಿನ ಕ್ಲಚ್ ಪ್ಲೇಟ್ ಸವೆದ ಹಾಗೆಯೇ ಇದೂ. 1/4000 ಸೆಕೆಂಡಿನ ಶಟರ್ ವೇಗದಲ್ಲಿ ತೆಗೆದ ಫೋಟೊದ ಅಂಚಿನಲ್ಲಿ ಕಪ್ಪು ಪಟ್ಟಿ ಕಾಣತೊಡಗಿದರೆ ಮುಂದಿನ ಮುಹೂರ್ತಕ್ಕೆ ಕಾಯದೆ ಹೈದರಾಬಾದಿಗೆ ರಿಪೇರಿಗೆ ಕಳಿಸಿ. ಬೀದರಿನವರಾದ ನಮಗೆ ಬೆಂಗಳೂರಿಗಿಂತ ಅದೇ ಹತ್ತಿರ.

ಮಳೆನೀರು ಹೊಕ್ಕ ಮದರ್‌ಬೋರ್ಡಿಗೆ ಮಾತ್ರ ದುಡ್ಡು ಸುರಿಯಬೇಡಿ. ಬೋರ್ಡ್ ಹೊಸದಾದರೂ ಕನೆಕ್ಟರ್‌ಗಳಲ್ಲಿ ಕಿಲುಬು ಉಳಿದಿರುತ್ತದೆ. ಮೂರು ತಿಂಗಳಿಗೆ ಮತ್ತೊಂದು ಭಾಗ ಕೈಕೊಟ್ಟರೂ ಆಶ್ಚರ್ಯವಿಲ್ಲ. ಎಸ್ಟಿಮೇಟ್ ಅದೇ ಮಾಡೆಲಿನ ಸೆಕೆಂಡ್‌ಹ್ಯಾಂಡ್ ಬೆಲೆಯ ಅರ್ಧ ದಾಟಿದರೆ ಅಲ್ಲಿಗೇ ಬಿಡಿ.

ಇಲ್ಲಿ ನಿಜವಾಗಿ ಜೇಬಿಗೆ ಕತ್ತರಿ ಹಾಕುವುದು ಕೆಮ್ಮಣ್ಣು. ಬೀದರ್ ಕೋಟೆಯಲ್ಲಿ ಪ್ರಿ-ವೆಡ್ಡಿಂಗ್ ಶೂಟ್ ಇದ್ದಾಗ ಗಾಳಿಗೆ ಮುಖಮಾಡಿ ಲೆನ್ಸ್ ಬದಲಿಸಿದರೆ ಸಾಕು, ಹಿಟ್ಟಿನಂಥ ಕೆಂಪು ಧೂಳು ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಕೂರುತ್ತದೆ. ಬ್ಯಾರೆಲ್ ಹೊರಚಾಚುವ ಜೂಮ್ ಲೆನ್ಸ್ ತಿದಿಯ ಹಾಗೆ ಗಾಳಿ ಎಳೆಯುವುದರಿಂದ ಧೂಳೂ ಒಳಗೆ ಹೋಗುತ್ತದೆ. ಪರೀಕ್ಷೆ ಸುಲಭ: ಐಎಸ್‌ಒ 100, ಎಫ್/16 (ಲೆನ್ಸಿನ ಕಿಂಡಿ ಕಿರಿದು), ಫೋಕಸ್ ಕೆಡಿಸಿ ಬರೀ ಆಕಾಶ ತೆಗೆಯಿರಿ. ದೊಡ್ಡದು ಮಾಡಿ ನೋಡಿದಾಗ ಬೂದು ಚುಕ್ಕೆ ಕಂಡರೆ ಅದೇ ಧೂಳು. ಪೂರ್ತಿ ಚಾರ್ಜಾದ ಬ್ಯಾಟರಿ ಹಾಕಿ, ಮೆನುವಿನಿಂದ ಸೆನ್ಸರಿನ ಮುಂದಿನ ಮಿರರ್ ಎತ್ತಿ, ಕ್ಯಾಮೆರಾ ಬೋರಲು ಹಿಡಿದು ರಬ್ಬರ್ ಬ್ಲೋವರ್ ಒತ್ತಿ. ಬಾಯಿಂದ ಊದಿದರೆ ಎಂಜಲು ಬೀಳುತ್ತದೆ, ಡಬ್ಬಿ ಗಾಳಿ ರಾಸಾಯನಿಕದ ಕಲೆ ಬಿಡುತ್ತದೆ. ಚುಕ್ಕೆ ಹೋಗದಿದ್ದರೆ 24 ಮಿ.ಮೀ. ಸ್ವಾಬ್‌ಗೆ (ಸೆನ್ಸರ್ ಒರೆಸುವ ಕಡ್ಡಿ) ಎರಡೇ ಹನಿ ಸೆನ್ಸರ್ ಕ್ಲೀನಿಂಗ್ ದ್ರವ, ಆ ಕಡೆಗೊಮ್ಮೆ, ಈ ಕಡೆಗೊಮ್ಮೆ. ಅದೇ ಸ್ವಾಬ್ ಮತ್ತೆ ಬಳಸಿದರೆ ಮರಳಿನ ಕಣ ಗೀರು ಹಾಕೀತು.

ಕ್ಯಾನನ್‌ನಲ್ಲಿ ಎರರ್ 01 (ಲೆನ್ಸ್-ಕ್ಯಾಮೆರಾ ಸಂಪರ್ಕದ ದೋಷ) ಬಂದರೆ ಸರ್ವಿಸ್ ಸೆಂಟರ್‌ಗೆ ಓಡುವ ಮೊದಲು ಲೆನ್ಸಿನ ಹಿಂದಿನ ಬಂಗಾರದ ಬಣ್ಣದ ಪಿನ್‌ಗಳನ್ನು ಒಣ, ನೂಲು ಬಿಡದ ಬಟ್ಟೆಯಿಂದ ಒರೆಸಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಮಳೆಗಾಲದಲ್ಲಿ ಲೆನ್ಸನ್ನು ಚರ್ಮದ ಚೀಲದಲ್ಲಿ ಇಡಲೇಬೇಡಿ, ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್ ಸಾಕು. ತೇವಾಂಶ 40-50% ಇರಲಿ. ಬೂಸ್ಟು ಲೆನ್ಸ್ ಗಾಜಿನ ಮೇಲಿನ ಕೋಟಿಂಗನ್ನು ತಿಂದ ಮೇಲೆ ಯಾವ ಕ್ಲೀನಿಂಗೂ ಅದನ್ನು ಮರಳಿಸದು.

ರಿಪೇರಿಗೆ ಕೊಡುವಾಗ ಬಿಡಿಭಾಗ, ಕೂಲಿ, ಜಿಎಸ್‌ಟಿ ಬೇರೆಬೇರೆ ಬರೆಸಿಕೊಳ್ಳಿ. ಶಟರ್ ಜೊತೆ ಮಿರರ್ ಬಾಕ್ಸ್ ಕೂಡ ಬದಲಿಸುತ್ತಾರೆಯೇ ಎಂದು ಕೇಳಿ, ಮೊತ್ತ ಏರುವುದು ಅಲ್ಲೇ. ಹಳೆಯ ಭಾಗವನ್ನು ವಾಪಸ್ ಕೊಡಬೇಕೆಂದು ಜಾಬ್ ಶೀಟಿನಲ್ಲೇ ಬರೆಸಿ.