ಇ-ಬರ್ಡ್, ಐನ್ಯಾಚುರಲಿಸ್ಟ್, ಸೀಸನ್‌ವಾಚ್: ಎರಡು ವರ್ಷ ಬಳಸಿದ ಮೇಲೆ

ವಿಜ್ಞಾನವನ್ನು ಕಾಲೇಜಿನಲ್ಲಿ ಓದದ ನನ್ನಂಥವರೂ ಸಂಶೋಧನೆಗೆ ಮಾಹಿತಿ ಒದಗಿಸಬಹುದಾದ ಮೂರು ಯೋಜನೆಗಳಲ್ಲಿ ಮೈಸೂರಿನಿಂದ ಎರಡು ವರ್ಷ ಭಾಗವಹಿಸಿದ್ದೇನೆ. ಯಾವುದು ನಮಗೆ ಹೆಚ್ಚು ಕಲಿಸುತ್ತದೆ ಎಂಬುದೇ ನನ್ನ ಅಳತೆಗೋಲು.

ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ 2002ರಲ್ಲಿ ಆರಂಭಿಸಿದ, ಕಂಡ ಹಕ್ಕಿಗಳ ಪಟ್ಟಿ ಸಲ್ಲಿಸುವ ಜಾಲತಾಣ ಇ-ಬರ್ಡ್ ಇವುಗಳಲ್ಲಿ ತೀರ ಕಟ್ಟುನಿಟ್ಟಿನದು. ಎಷ್ಟು ಹೊತ್ತು, ಎಷ್ಟು ದೂರ ನಡೆದಿರಿ ಎಂದು ದಾಖಲಿಸಿಕೊಂಡ ಮೇಲೆ, ಗುರುತಿಸಲು ಸಾಧ್ಯವಾದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ ಎಂದು ಅದು ಕೇಳುತ್ತದೆ. ಹೌದು ಎಂದರೆ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ಅಂದು ಕಣ್ಣಿಗೆ ಬೀಳಲಿಲ್ಲ ಎಂಬುದೂ ಮಾಹಿತಿಯಾಗುತ್ತದೆ. ಕುಕ್ಕರಹಳ್ಳಿ ಕೆರೆಯಲ್ಲಿ ಹೆಜ್ಜಾರ್ಲೆಗಳನ್ನಷ್ಟೇ ನೋಡಿ ಮರಳುತ್ತಿದ್ದ ನಾನು ಕಾಗೆ, ಗೊರವಂಕಗಳನ್ನೂ ಎಣಿಸತೊಡಗಿದ್ದು ಈ ಪ್ರಶ್ನೆಯಿಂದ. ಒಮ್ಮೆ 40ರ ಬದಲು 400 ಎಂದು ಒತ್ತಿದಾಗ ಪರಿಶೀಲಕರೊಬ್ಬರು ಬಹಳ ಸೌಜನ್ಯದಿಂದ ವಿಚಾರಿಸಿದ್ದರು. ಇಂಥ ಪಟ್ಟಿಗಳ ಆಧಾರದಲ್ಲೇ ಭಾರತದ 942 ಪ್ರಭೇದಗಳ ಸ್ಥಿತಿಗತಿಯ ವರದಿ 2023ರಲ್ಲಿ ಸಿದ್ಧವಾಯಿತು. ಆದರೆ ಹಕ್ಕಿಯ ಹೆಸರೇ ತಿಳಿಯದವರಿಗೆ ಇ-ಬರ್ಡ್ ಮೊದಲ ಮೆಟ್ಟಿಲಾಗಲಾರದು.

ಆ ಕೊರತೆಯನ್ನು 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಐನ್ಯಾಚುರಲಿಸ್ಟ್ ತುಂಬುತ್ತದೆ. ಫೋಟೊ ಹಾಕಿದರೆ ಕಂಪ್ಯೂಟರ್ ಒಂದು ಹೆಸರು ಸೂಚಿಸುತ್ತದೆ, ಬಳಿಕ ಬಲ್ಲವರು ಒಪ್ಪುತ್ತಾರೆ ಅಥವಾ ತಿದ್ದುತ್ತಾರೆ. ಕರಿಬೇವಿನ ಗಿಡದ ಮೇಲಿದ್ದ ಚಿಟ್ಟೆಯನ್ನು ನಾನು ಕಾಮನ್ ರೋಸ್ ಎಂದುಕೊಂಡಿದ್ದೆ. ಅದರ ದೇಹ ಕೆಂಪಲ್ಲ, ಕಪ್ಪು. ಆದ್ದರಿಂದ ಅದು ವಿಷಕಾರಿ ರೋಸ್‌ನ ವೇಷ ತೊಟ್ಟ ಕಾಮನ್ ಮಾರ್ಮನ್ ಹೆಣ್ಣು ಎಂದು ಅಪರಿಚಿತರೊಬ್ಬರು ತಿದ್ದಿದರು. ಆ ಒಂದು ಸಾಲಿನಿಂದ ಅನುಕರಣೆಯ ಪಾಠ ಮನದಟ್ಟಾಯಿತು. ಆದರೆ ಇಲ್ಲಿ ನಾವು ಕಣ್ಸೆಳೆದದ್ದರ ಚಿತ್ರವನ್ನಷ್ಟೇ ತೆಗೆಯುತ್ತೇವೆ, ಹಾಗಾಗಿ ಒಂದು ಜೀವಿಯ ಸಂಖ್ಯೆ ಏರಿತೇ ಇಳಿಯಿತೇ ಎಂದು ಹೇಳಲು ಈ ದಾಖಲೆಗಳು ಅಷ್ಟು ಸುಲಭವಾಗಿ ಒದಗುವುದಿಲ್ಲ.

ಸೀಸನ್‌ವಾಚ್ ನಮ್ಮ ದೇಶದ್ದೇ. ಒಂದು ಮರವನ್ನು ನೋಂದಾಯಿಸಿ, ಅದರ ಎಲೆ, ಹೂ, ಕಾಯಿಗಳನ್ನು ವಾರಕ್ಕೊಮ್ಮೆ ದಾಖಲಿಸಬೇಕು. ನಾನು ಆರಿಸಿದ್ದು ಮನೆಯೆದುರಿನ ಹೊಂಗೆಯನ್ನು. ಏನೂ ಬದಲಾಗದ ವಾರಗಳಲ್ಲಿ ಬೇಸರ ಬರುತ್ತದೆ, ಮೊದಲ ವರ್ಷ ಹಲವು ವಾರಗಳನ್ನು ತಪ್ಪಿಸಿದ್ದೂ ಉಂಟು. ಮಕ್ಕಳಿರುವ ಮನೆಗೆ, ಶಾಲೆಗೆ ನಾನು ಮೊದಲು ಹೇಳುವುದು ಇದನ್ನೇ, ಏಕೆಂದರೆ ದುರ್ಬೀನು ಬೇಡ, ಕ್ಯಾಮೆರಾ ಬೇಡ, ಮರವೂ ಹಾರಿಹೋಗುವುದಿಲ್ಲ.

ಈಗ ಭಾನುವಾರದ ಬೆಳಗ್ಗೆ ಇ-ಬರ್ಡ್‌ಗೆ, ಸೋಮವಾರದ ಐದು ನಿಮಿಷ ಹೊಂಗೆಗೆ ಮೀಸಲು. ಐನ್ಯಾಚುರಲಿಸ್ಟ್ ತೆರೆಯುವುದು ಗುರುತು ಸಿಗದ ಹುಳುವೋ ಗಿಡವೋ ಎದುರಾದಾಗ ಮಾತ್ರ.