ಟೆಕ್ನಿಷಿಯನ್‌ಗಳನ್ನು ‘ಕಾಂಟ್ರಾಕ್ಟ್’ ಅಂತ ಇಟ್ಟುಕೊಂಡಿದ್ದೀರಾ? ನನಗಾದದ್ದನ್ನು ಒಮ್ಮೆ ಓದಿ

ಪೀಣ್ಯದಲ್ಲಿ ನನ್ನದೊಂದು ಎಸಿ ಸರ್ವಿಸ್ ಅಂಗಡಿ. ಆಗ ಹನ್ನೊಂದು ಜನ ಟೆಕ್ನಿಷಿಯನ್‌ಗಳಿದ್ದರು. ಎಲ್ಲರೂ ಐಟಿಐ ಮುಗಿಸಿದವರು, ತಿಂಗಳಿಗೆ 18,000 ರೂಪಾಯಿ. ಆದರೆ ಕಾಗದದಲ್ಲಿ ಒಬ್ಬನೂ ನನ್ನ ನೌಕರನಲ್ಲ! ಪರಿಚಯದ ಆಡಿಟರ್ ಹೇಳಿಕೊಟ್ಟ ಉಪಾಯ ಅದು. “ಕಾಂಟ್ರಾಕ್ಟ್ ಅಂತ ತೋರಿಸಿ ಸಾರ್. ಒಂದು ಪರ್ಸೆಂಟ್ ತೆರಿಗೆ (ಟಿಡಿಎಸ್) ಹಿಡಿದು ದುಡ್ಡು ಕೊಟ್ಟುಬಿಡಿ, ಇಎಸ್‌ಐ ಗೋಜೇ ಇರಲ್ಲ.” ಇಎಸ್‌ಐ ಅಂದರೆ ಮಾಲೀಕ, ನೌಕರ ಇಬ್ಬರೂ ಪಾಲು ಕಟ್ಟುವ ಸರ್ಕಾರಿ ನೌಕರರ ವಿಮೆ ಯೋಜನೆಯಲ್ಲ, ಖಾಸಗಿ ಕೆಲಸಗಾರರಿಗೂ ಸರ್ಕಾರ ನಡೆಸುವ ವಿಮೆ. ಬಾಂಡ್ ಪೇಪರ್ ಮೇಲೆ ಸಹಿ ಹಾಕಿಸಿಕೊಂಡೆ. ಹುಡುಗರು ಅದನ್ನು ಓದಲಿಲ್ಲ. ನಾನೂ ಓದಿರಲಿಲ್ಲ ಅನ್ನಿ.

2022ರ ಏಪ್ರಿಲ್, ಸೀಸನ್ ಜೋರು. ಎರಡನೇ ಮಹಡಿಯ ಸಜ್ಜಾ ಮೇಲೆ ನಿಂತು ಔಟ್‌ಡೋರ್ ಯೂನಿಟ್ ಕೂರಿಸುತ್ತಿದ್ದವನು ಜಾರಿ ಬಿದ್ದ. ಸೊಂಟ, ಬಲಗಾಲು ಎರಡೂ ಮುರಿದವು. ಸೇಫ್ಟಿ ಬೆಲ್ಟ್ ಕೊಟ್ಟಿರಲಿಲ್ಲ, ಅದೂ ನನ್ನದೇ ತಪ್ಪು. ಇಎಸ್‌ಐ ಇದ್ದಿದ್ದರೆ ರಾಜಾಜಿನಗರದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ದುಡ್ಡು ಕಟ್ಟುವಂತಿರಲಿಲ್ಲ. ಮಲಗಿದ ದಿನಗಳಿಗೆ ಸಂಬಳದ 90 ಪರ್ಸೆಂಟ್ ಅವನ ಖಾತೆಗೆ ಬರುತ್ತಿತ್ತು. ಖಾಸಗಿ ಆಸ್ಪತ್ರೆಯ ಬಿಲ್ 3,40,000 ಆಯಿತು.

ಆಡಿಟರ್‌ಗೆ ಫೋನ್ ಮಾಡಿದರೆ, “ನಿಮಗೆ ಸಂಬಂಧ ಇಲ್ಲ ಸಾರ್, ಆತ ಕಾಂಟ್ರಾಕ್ಟರ್” ಅಂದರು. ಅದೇ ಹೊತ್ತಿಗೆ ಅವನ ಹೆಂಡತಿ ಎದುರು ಬಂದು ಕೇಳಿದಳು: “ಅಣ್ಣಾ, ಕೆಲಸಕ್ಕೆ ಕಳಿಸಿದ್ದು ನೀವೇ ತಾನೇ?”

ಆಮೇಲೆ ಬಂದ ಇಎಸ್‌ಐ ಅಧಿಕಾರಿಯೂ ಹೆಚ್ಚುಕಡಿಮೆ ಅದನ್ನೇ ಕೇಳಿದರು. ಬಾಂಡ್ ಪೇಪರ್ ಮೇಲೆ ಕಣ್ಣಾಡಿಸಿ ಪಕ್ಕಕ್ಕಿಟ್ಟರು. ಗೇಜು, ವ್ಯಾಕ್ಯೂಮ್ ಪಂಪು ಯಾರದ್ದು? ನನ್ನದು. ಟೀ ಶರ್ಟ್ ಮೇಲೆ ಯಾರ ಹೆಸರು? ನನ್ನ ಅಂಗಡಿಯದ್ದು. ಇವತ್ತು ಬರಲ್ಲ, ನನ್ನ ಬದಲು ತಮ್ಮನನ್ನ ಕಳಿಸ್ತೀನಿ ಅಂತ ಅವನು ಹೇಳಬಹುದಿತ್ತಾ? ನಾನು ಸುಮ್ಮನಾದೆ. ವಾಟ್ಸಾಪ್ ಗ್ರೂಪಿನಲ್ಲಿ ನಾನೇ ಹಾಕಿದ್ದ ಮೆಸೇಜು ಅವರ ಕೈಯಲ್ಲಿತ್ತು: “9 ಗಂಟೆಗೆ ಬರದಿದ್ದರೆ ಅರ್ಧ ದಿನದ ಸಂಬಳ ಕಟ್.” ಕಾಂಟ್ರಾಕ್ಟರ್‌ಗೆ ಯಾರಾದರೂ ಹೀಗೆ ಬರೀತಾರಾ?

ವಕೀಲರ ಹತ್ತಿರ ಓಡಿದೆ. ಬಟ್ಟೆಗಿಷ್ಟು ಅಂತ ಕೂಲಿ ಪಡೆಯುತ್ತಿದ್ದ ದರ್ಜಿಗಳನ್ನೂ ಅಂಗಡಿಯ ನೌಕರರೇ ಅಂತ ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ, ನಿಮ್ಮದು ತಿಂಗಳ ಸಂಬಳ ಬೇರೆ, ಏನಂತ ವಾದ ಮಾಡಲಿ ಅಂದರು. ಹಿಂದಿನ ಬಾಕಿ, ಅದಕ್ಕೆ ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ, ಮೇಲೆ ದಂಡ. ಹುಡುಗರ ಪಾಲಿನ 0.75 ಪರ್ಸೆಂಟನ್ನೂ ನಾನೇ ಕಟ್ಟಿದೆ. ಹಳೇ ಬಾಕಿಯನ್ನು ಈಗಿನ ಸಂಬಳದಲ್ಲಿ ಹಿಡಿಯುವ ಹಾಗಿಲ್ಲ. ಆಸ್ಪತ್ರೆ ಬಿಲ್ಲಿಗೆ ಮನೆಯವಳ ಬಳೆ ಅಡವಿಟ್ಟೆ.

ನಾನು ಉಳಿಸಲು ಹೋದದ್ದು ಎಷ್ಟು ಗೊತ್ತಾ? ಮಾಲೀಕರ ಪಾಲು 3.25 ಪರ್ಸೆಂಟ್. ಅಂದರೆ ಒಬ್ಬನಿಗೆ ತಿಂಗಳಿಗೆ 585 ರೂಪಾಯಿ.

ಕಾಂಟ್ರಾಕ್ಟೇ ತಪ್ಪು ಅಂತಲ್ಲ. ಚಿಲ್ಲರ್ ಅಂದರೆ ದೊಡ್ಡ ಕಟ್ಟಡಗಳ ಎಸಿ ಯಂತ್ರದ ಕೆಲಸಕ್ಕೆ ಒಬ್ಬರನ್ನು ಈಗಲೂ ಕರೆಸುತ್ತೇನೆ. ಅವರದೇ ವ್ಯಾನು, ಅವರದೇ ಸಾಮಾನು, ಕೆಲಸಕ್ಕಿಷ್ಟು ಅಂತ ಬಿಲ್ಲು. ಒಗ್ಗದಿದ್ದರೆ ಆಗಲ್ಲ ಅಂತ ಮುಖಕ್ಕೇ ಹೇಳ್ತಾರೆ. ನನ್ನ ಹುಡುಗರಲ್ಲಿ ಹಾಗೆ ಹೇಳುವವನು ಒಬ್ಬನೂ ಇರಲಿಲ್ಲ. ಹತ್ತು ಜನ ಆದಮೇಲೆ ಇಎಸ್‌ಐ, ಇಪ್ಪತ್ತಾದರೆ ಪಿಎಫ್. ಇದನ್ನು ತಲೆ ಎಣಿಸುವಾಗಲೇ ನೋಡಿಕೊಳ್ಳಿ.

ಬಿದ್ದವನು ಈಗ ಅಂಗಡಿಯಲ್ಲೇ ಕಂಪ್ಲೇಂಟ್ ಫೋನ್ ನೋಡಿಕೊಳ್ಳುತ್ತಾನೆ. ಮೊನ್ನೆ ಹೊಸ ಹುಡುಗನೊಬ್ಬ ಏಣಿ ಎತ್ತಿಕೊಂಡು ಹೊರಟಾಗ ಕುರ್ಚಿಯಿಂದಲೇ ಕೂಗಿದ: “ಅಣ್ಣಾ, ಇವನಿಗೆ ಇಎಸ್‌ಐ ನಂಬರ್ ಬಂತಾ?”