ಓಟಗಾರರ ಸೊಂಟದ ನೋವಿಗೆ ಕುವೆಂಪುನಗರದ ಒಂದು ಫಿಸಿಯೋಥೆರಪಿ ಕೇಂದ್ರ

ಮೈಸೂರಿನ ಕುವೆಂಪುನಗರದ ಒಳರಸ್ತೆಯೊಂದರಲ್ಲಿ, ಮನೆಯ ಮೊದಲ ಮಹಡಿಯಲ್ಲಿ ನಡೆಯುತ್ತಿರುವ ಸಣ್ಣ ಫಿಸಿಯೋಥೆರಪಿ ಕೇಂದ್ರವೊಂದರಲ್ಲಿ ಕಳೆದ ಮಳೆಗಾಲದಿಂದ ನಾನು ಚಿಕಿತ್ಸೆ ಪಡೆಯುತ್ತಿದ್ದೇನೆ. ಪದಕಕ್ಕಾಗಿ ಅಲ್ಲದೆ ಆರೋಗ್ಯಕ್ಕೆಂದು, ಖುಷಿಗೆಂದು ಓಡುವ, ನಲವತ್ತು ದಾಟಿದ ನನ್ನಂಥವರು ಸೊಂಟ ನೋಯುತ್ತಿದೆ ಎಂದರೆ ಸಿಗುವ ಸಲಹೆ ಬಹುಮಟ್ಟಿಗೆ ಒಂದೇ: ಓಟ ಬಿಟ್ಟುಬಿಡಿ, ವಾಕಿಂಗ್ ಮಾಡಿ. ಈ ಕೇಂದ್ರದವರು ಹಾಗೆ ಹೇಳಲಿಲ್ಲ. ಎಷ್ಟು ಓಡಬಹುದು, ಏನು ಕಂಡರೆ ನಿಲ್ಲಿಸಬೇಕು ಎಂಬ ಅಳತೆಯನ್ನು ಕಲಿಸಿಕೊಟ್ಟರು. ಅವರ ಸೇವೆಯ ಬೆಲೆ ಇರುವುದು ಅದರಲ್ಲೇ ಎಂದು ನನ್ನ ಅಭಿಪ್ರಾಯ.

ನನಗೆ ನೋವಿದ್ದದ್ದು ಬಲ ಸೊಂಟದ ಹೊರಮಗ್ಗುಲಲ್ಲಿ, ಕೈಯಿಟ್ಟರೆ ತಾಗುವ ತೊಡೆಮೂಳೆಯ ಉಬ್ಬಿನ ಮೇಲೆ. ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ಬೈಕ್ ಹತ್ತಲು ಕಾಲೆತ್ತಿದರೆ ಚುಚ್ಚುತ್ತಿತ್ತು. ಮೊದಲ ಭೇಟಿಯ ಹೆಚ್ಚಿನ ಸಮಯ ಪ್ರಶ್ನೆಗಳಲ್ಲೇ ಕಳೆಯಿತು. ನೋವು ತೊಡೆಸಂದಿನಲ್ಲಿದೆಯೇ, ಒಂಟಿ ಕಾಲಿನಲ್ಲಿ ಕುಪ್ಪಳಿಸಿದರೆ ಹೆಚ್ಚುತ್ತದೆಯೇ, ಸುಮ್ಮನೆ ಮಲಗಿದ್ದಾಗಲೂ ಕಾಡುತ್ತದೆಯೇ ಎಂದು ಕೇಂದ್ರದ ಫಿಸಿಯೋಥೆರಪಿಸ್ಟ್ ಮೇಡಂ ಕೆದಕಿ ಕೇಳಿದರು. ತೊಡೆಮೂಳೆಯ ಕುತ್ತಿಗೆಯಲ್ಲಿ, ಅಂದರೆ ಅದು ಸೊಂಟದ ಕೀಲಿಗೆ ಸೇರುವ ಕಿರಿದಾದ ಭಾಗದಲ್ಲಿ, ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಇಂಥ ಲಕ್ಷಣಗಳು ಕಾಣಿಸುತ್ತವೆ, ಆರಂಭದಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಇರಬಹುದು, ಹಾಗೆ ಅನುಮಾನ ಬಂದರೆ ವ್ಯಾಯಾಮ ಶುರುಮಾಡದೆ ಮೂಳೆ ವೈದ್ಯರ ಬಳಿ ಕಳಿಸಿ ಎಂಆರ್‌ಐ ಮಾಡಿಸಬೇಕಾಗುತ್ತದೆ ಎಂದು ವಿವರಿಸಿದರು. ಓಡುವವರು ಯಾವ ಕೇಂದ್ರಕ್ಕೆ ಹೋದರೂ ಈ ಪ್ರಶ್ನೆಗಳನ್ನು ಕೇಳುತ್ತಾರೆಯೇ ಎಂದು ಗಮನಿಸಬೇಕು. ಕೇಳದೆ ನೇರವಾಗಿ ಮಂಚದ ಮೇಲೆ ಮಲಗಿಸಿ ಕರೆಂಟ್ ಕೊಡುವ ಕಡೆ ಓಟಗಾರರಿಗೆ ಪ್ರಯೋಜನ ಕಡಿಮೆ.

ಬಳಿಕ ನಡೆದ ಪರೀಕ್ಷೆ ನನಗೆ ಬಹಳ ಹಿಡಿಸಿತು. ಸೊಂಟದ ಹಿಂಬದಿಯ ಎರಡು ಮೂಳೆಗಳ ಮೇಲೆ ಬಿಳಿ ಟೇಪಿನ ತುಂಡುಗಳನ್ನು ಅಂಟಿಸಿ, ಟ್ರೆಡ್‌ಮಿಲ್ ಮೇಲೆ ಓಡಿಸಿ, ಹಿಂದಿನಿಂದ ಮೊಬೈಲ್‌ನಲ್ಲಿ ವಿಡಿಯೋ ತೆಗೆದು ನಿಧಾನಗತಿಯಲ್ಲಿ ತೋರಿಸಿದರು. ಬಲಗಾಲು ಊರಿದ ಪ್ರತಿ ಸಲವೂ ಎಡಗಡೆಯ ಟೇಪು ಕೆಳಕ್ಕೆ ಕುಸಿಯುತ್ತಿತ್ತು. ಎಡಗಾಲು ಊರಿದಾಗ ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತಿದ್ದವು. ಒಂಟಿ ಕಾಲಿನ ಮೇಲೆ ನಿಂತಾಗ ಸೊಂಟವನ್ನು ಮಟ್ಟವಾಗಿ ಹಿಡಿಯುವ ಗ್ಲೂಟಿಯಸ್ ಮೀಡಿಯಸ್ ಎಂಬ ಸ್ನಾಯು ಬಲಗಡೆ ಸೋತಿತ್ತು. ಸೊಂಟ ಹಾಗೆ ವಾಲಿದಾಗಲೆಲ್ಲ ಆ ಸ್ನಾಯುವನ್ನು ಮೂಳೆಗೆ ಬಿಗಿಯುವ ಗಟ್ಟಿ ಪಟ್ಟಿ, ಅಂದರೆ ರಜ್ಜು, ಮೂಳೆಯ ಉಬ್ಬಿಗೆ ಒತ್ತಿಕೊಳ್ಳುತ್ತದೆ, ನೋವಿನ ಮೂಲ ಅಲ್ಲಿದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ ಮುಂದಿನ ಸೂಚನೆಗಳನ್ನು ಪಾಲಿಸುವುದು ಸುಲಭವಾಯಿತು.

ಸೂಚನೆಗಳಲ್ಲಿ ಅರ್ಧದಷ್ಟು ವ್ಯಾಯಾಮವೇ ಅಲ್ಲ. ಕಾಲ ಮೇಲೆ ಕಾಲು ಹಾಕಿ ಕೂರಬಾರದು, ಒಂದೇ ಕಾಲಿಗೆ ಭಾರ ಬಿಟ್ಟು ಸೊಂಟ ವಾಲಿಸಿಕೊಂಡು ನಿಲ್ಲಬಾರದು, ಮಗ್ಗುಲಾಗಿ ಮಲಗುವಾಗ ಎರಡು ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಬೇಕು. ಓಟದ ಗುಂಪುಗಳಲ್ಲಿ ಎಲ್ಲರೂ ಹೇಳಿಕೊಡುವ, ಕಾಲನ್ನು ಅಡ್ಡಕ್ಕೆಳೆದು ಹೊರಮಗ್ಗುಲನ್ನು ಹಿಗ್ಗಿಸುವ ಸ್ಟ್ರೆಚ್ ಕೂಡ ಬೇಡವೆಂದರು, ಏಕೆಂದರೆ ಅದು ರಜ್ಜನ್ನು ಮೂಳೆಗೆ ಮತ್ತಷ್ಟು ಒತ್ತುತ್ತದೆ. ವ್ಯಾಯಾಮದಲ್ಲಿ ಮೊದಲು ಮಲಗಿ ತೊಡೆಗಳಿಗೆ ಬೆಲ್ಟ್ ಕಟ್ಟಿ ಅಲುಗಾಡದಂತೆ ಹೊರಕ್ಕೆ ಒತ್ತಿ ಹಿಡಿಯುವುದು, ಅನಂತರ ಸೊಂಟ ಎತ್ತುವುದು, ಇಲಾಸ್ಟಿಕ್ ಬ್ಯಾಂಡ್ ಹಾಕಿಕೊಂಡು ಅಡ್ಡ ಹೆಜ್ಜೆ ಇಡುವುದು, ಕೊನೆಗೆ ಮಣೆ ಹತ್ತಿ ಇಳಿಯುವುದು.

ಇಂಜೆಕ್ಷನ್ ತೆಗೆದುಕೊಂಡರೆ ಬೇಗ ವಾಸಿಯಾಗುವುದಿಲ್ಲವೇ ಎಂದು ನಾನು ಕೇಳಿದ್ದೆ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಡುತ್ತದೆ. ಇದೇ ತೊಂದರೆಯಿದ್ದ 204 ಜನರಲ್ಲಿ, ತಿಳುವಳಿಕೆ ಮತ್ತು ವ್ಯಾಯಾಮ ಪಡೆದವರ ಪೈಕಿ ಸುಮಾರು ಶೇ. 77ರಷ್ಟು ಮಂದಿ 8 ವಾರಗಳಲ್ಲಿ ಸುಧಾರಿಸಿದ್ದೇವೆ ಎಂದರು. ಸ್ಟೀರಾಯ್ಡ್ ಇಂಜೆಕ್ಷನ್ ಪಡೆದವರಲ್ಲಿ ಈ ಪ್ರಮಾಣ ಶೇ. 58ರ ಆಸುಪಾಸಿನಲ್ಲಿತ್ತು, ಏನೂ ಮಾಡದೆ ಕಾದವರಲ್ಲಿ ಶೇ. 29. ಈ ಕೇಂದ್ರದ ಚಿಕಿತ್ಸೆಯೂ ಅದೇ ದಾರಿಯದು.

ಓಟಕ್ಕೆ ಮರಳಿಸಿದ ಬಗೆಯಲ್ಲಿ ಸ್ಥಳೀಯ ತಿಳುವಳಿಕೆ ಎದ್ದು ಕಾಣುತ್ತದೆ. ಒಂದು ಬದಿಗೆ ಇಳಿಜಾರಾಗಿರುವ ಡಾಂಬರು ರಸ್ತೆಯ ಅಂಚು ಬೇಡ, ಚಾಮುಂಡಿ ಬೆಟ್ಟದ ರಸ್ತೆಯಾಗಲಿ ಮೆಟ್ಟಿಲಾಗಲಿ ಸದ್ಯಕ್ಕೆ ಬೇಡ, ಕುಕ್ಕರಹಳ್ಳಿ ಕೆರೆಯ ಏರಿಯ ಮಣ್ಣಿನ ದಾರಿಯಲ್ಲಿ ಸ್ವಲ್ಪ ನಡೆದು ಸ್ವಲ್ಪ ಓಡಿ ಎಂದರು. ನೋವಿಗೆ ಹತ್ತರಲ್ಲಿ ಅಂಕ ಕೊಟ್ಟುಕೊಳ್ಳಬೇಕು. ಮೂರರೊಳಗಿದ್ದು, ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಹಿಂದಿನ ದಿನಕ್ಕಿಂತ ಹೆಚ್ಚಾಗಿರದಿದ್ದರೆ ಮುಂದುವರಿಯಬಹುದು, ಹೆಚ್ಚಾಗಿದ್ದರೆ ಹಿಂದಿನ ಹಂತಕ್ಕೆ ಇಳಿಯಬೇಕು. ಇದರೊಂದಿಗೆ ಹೆಜ್ಜೆಗಳನ್ನು ಚಿಕ್ಕದಾಗಿಸಿ, ನಿಮಿಷಕ್ಕೆ ಬೀಳುವ ಹೆಜ್ಜೆಗಳ ಸಂಖ್ಯೆಯನ್ನು ಶೇ. 5ರಿಂದ 10ರಷ್ಟು ಹೆಚ್ಚಿಸಲು ಅಭ್ಯಾಸ ಮಾಡಿಸಿದರು. ವೇಗ ಅಷ್ಟೇ ಇದ್ದರೂ ಸೊಂಟದ ಮೇಲೆ ಬೀಳುವ ಭಾರ ಇದರಿಂದ ತಗ್ಗುತ್ತದೆ. ಈಗ ನಾನು ಕೆರೆಯ ಸುತ್ತ ನಿಲ್ಲದೆ ಓಡುತ್ತಿದ್ದೇನೆ, ಬಲಮಗ್ಗುಲಿಗೂ ಮಲಗುತ್ತಿದ್ದೇನೆ. ಬೆಟ್ಟಕ್ಕೆ ಇನ್ನೂ ಅನುಮತಿ ಸಿಕ್ಕಿಲ್ಲ.

ಕೊರತೆಗಳೂ ಇವೆ. ಸೊಂಟ, ಮಂಡಿ ನೋವಿನವರೇ ಹೆಚ್ಚಾಗಿ ಬರುವ ಜಾಗಕ್ಕೆ ಕಡಿದಾದ, ಒಂದೇ ಬದಿಗೆ ಕಂಬಿಯಿರುವ ಮೆಟ್ಟಿಲು ಹತ್ತಿ ಹೋಗಬೇಕು. ಹಿರಿಯರಿಗೆ ಇದು ನಿಜಕ್ಕೂ ಕಷ್ಟ, ಮಾಲೀಕರು ಇನ್ನೊಂದು ಕಂಬಿಯನ್ನಾದರೂ ಹಾಕಿಸಬೇಕು. ವ್ಯಾಯಾಮಗಳನ್ನು ಬಾಯಲ್ಲಿ ಹೇಳಿ ಮಾಡಿ ತೋರಿಸುತ್ತಾರೆಯೇ ಹೊರತು ಕನ್ನಡದಲ್ಲಿ ಅಚ್ಚುಮಾಡಿದ ಒಂದು ಹಾಳೆಯನ್ನೂ ಕೊಡುವುದಿಲ್ಲ. ಶುಲ್ಕ ಸುತ್ತಮುತ್ತಲಿನ ಕೇಂದ್ರಗಳಿಗಿಂತ ಹೆಚ್ಚು, ಆದರೆ ದಿನವೂ ಬನ್ನಿ ಎಂದು ಕರೆಯದೆ ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಬರಹೇಳುವುದರಿಂದ ಒಟ್ಟು ಖರ್ಚು ಭಾರವೆನಿಸಲಿಲ್ಲ. ಸಂಜೆಯ ಹೊತ್ತು ಜನ ಜಾಸ್ತಿ, ಸಮಯ ಗೊತ್ತುಮಾಡಿಕೊಂಡಿದ್ದರೂ ಕಾಯಬೇಕಾಗುತ್ತದೆ. ಬೆಳಿಗ್ಗೆ ಹೋಗಲು ಸಾಧ್ಯವಿರುವವರು ಬೆಳಿಗ್ಗೆಯೇ ಹೋಗಲಿ, ಓಡುವ ಬೂಟುಗಳನ್ನು ಜೊತೆಗೆ ಒಯ್ಯಲಿ.